ಕತ್ತರಿಸಿ ಹಾಕಿದ ಹೂಂಗಳು

ಎದುರಿನವರು ಮಾತಾಡುತ್ತಿರುವಾಗ ಮುಖದಲ್ಲಿ ಆಸಕ್ತಿ ತೋರಿಸುತ್ತ ಒಳಗೊಳಗೇ ಬೇರೇನೋ ಯೋಚಿಸುವ ವಿದ್ಯೆ ಮೇಷ್ಟ್ರುಗಳಿಗೆ ತಾನಾಗಿ ಬರುತ್ತದೆ. ಆದೋನಿಯ ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ನನಗೂ ಬಂದಿದೆ. ಆದರೂ ಆಸ್ಪರಿ ಕಡೆಯ ನಮ್ಮ ನಾಗಮ್ಮತ್ತೆ ಕಥೆ ಹೇಳಲು ಕೂತರೆ ಹೂಂಗುಟ್ಟಲು ನಾನೇ ಬೇಕು. ಎದುರಿಗೆ ಕೂತವರು ಮಾತು ಮಾತಿಗೆ ‘ಹೂಂ’ ಅನ್ನದಿದ್ದರೆ ಅವರ ಕಥೆ ಮುಂದಕ್ಕೆ ಹೋಗುವುದಿಲ್ಲ.

ಹಿರಿಯರು ಹೇಳುವ ಕಥೆಗಳನ್ನು ಬಳ್ಳಾರಿಯಲ್ಲಿರುವ ನನ್ನ ಹಳೆಯ ಗುರುಗಳು ಆ ಹಿರಿಯರದೇ ದನಿಯಲ್ಲಿ ಸಂಗ್ರಹಿಸುತ್ತಿದ್ದರು. ಅತ್ತೆಯ ಕುರಿ ಕಾಯುವವನ ಕಥೆ ಶನಿವಾರ ಸಂಜೆಯೊಳಗೆ ಈಮೇಲಿನಲ್ಲಿ ಬರಬೇಕು, ತಡವಾದರೆ ಸೇರಿಸಲಾಗದು ಎಂದರು. ಅರ್ಧ ಗಂಟೆಯ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅತ್ತೆ ತಮ್ಮ ಕಥೆ ಬಳ್ಳಾರಿಗೆ ಹೋಗುವ ಸುದ್ದಿಯನ್ನು ಊರಿಗೆಲ್ಲ ಸಾರಿ ಗಂಟಲು ಕಟ್ಟಿಸಿಕೊಂಡರು. ಈಮೇಲ್ ಮಾತ್ರ ಫೈಲ್ ದೊಡ್ಡದೆಂದು ತಿರಸ್ಕರಿಸಿತು. ದೊಡ್ಡದಾದರೆ ಕತ್ತರಿಸಿದರಾಯಿತು, ಅದಕ್ಕೇನಂತೆ! ಎರಡು ದಿನ ಕೂತು ನನ್ನ ಹೂಂಗಳನ್ನೆಲ್ಲ ಒಂದೊಂದಾಗಿ ಹುಡುಕಿ ಕತ್ತರಿಸಿದೆ. ಫೋನಿನಲ್ಲಿ ಜಾಗವಿಲ್ಲವೆಂದು ಮೂಲ ರೆಕಾರ್ಡನ್ನೂ ಅಳಿಸಿಬಿಟ್ಟೆ, ನನ್ನ ಬುದ್ಧಿಗಿಷ್ಟು! ಆಗಲೂ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಸಲೀಮಾಳ ಇಂಟರ್ನೆಟ್ ಅಂಗಡಿಗೆ ಓಡಿದೆ. ಬೀಗರನ್ನು ಬಸ್ಸಿಗೆ ಹತ್ತಿಸಲು ಹೊರಟವರಂತೆ ಅತ್ತೆಯೂ ಹೊಸ ಸೀರೆ ಉಟ್ಟು ಜೊತೆಗೆ ಬಂದರು.

“ಅರೇ ಸಾರ್, ಕತ್ತರಿಸಾಕ ಯಾಕ ಹೋದ್ರಿ? ಎಂಪಿಥ್ರೀ ಮಾಡಿದ್ರ ಕಥಿ ಪೂರಾ ಇರ್ತೈತಿ, ಫೈಲ್ ಅಷ್ಟ ಸಣ್ಣದಾಗ್ತೈತಿ,” ಎಂದ ಸಲೀಮಾ ಚಹಾ ಬರುವಷ್ಟರಲ್ಲಿ ಕೆಲಸ ಮುಗಿಸಿದಳು. ನನ್ನ ಎರಡು ದಿನದ ದುಡಿಮೆ ಮಣ್ಣುಪಾಲಾಯಿತು.

ಕಳಿಸುವ ಮೊದಲು ಕೇಳಿಸಿದರೆ ಅತ್ತೆಯ ಮುಖ ಗಂಟಾಯಿತು. ಕಟ್ಟಿದ ಗಂಟಲಲ್ಲೇ ಗದರಿದರು: “ಹೂಂ ಅನ್ನೋರು ಎಲ್ಲಿ ಹೋದ್ರೋ? ಗೋಡಿ ಮುಂದ ಕುಂತು ಕಥಿ ಹೇಳಾಕ ನನಗೇನು ಹುಚ್ಚು ಹಿಡದೈತೇನು? ಇದನ್ನ ಕಳಿಸಬ್ಯಾಡ.”

ಆ ಗಂಟಲಲ್ಲಿ ಇನ್ನೊಮ್ಮೆ ಕಥೆ ಹೇಳುವಂತಿರಲಿಲ್ಲ. ನನಗೋ ಅಳು ಬರುವುದೊಂದೇ ಬಾಕಿ. ಕೊನೆಗೆ ಮೈಕಿನ ಮುಂದೆ ಕೂತು ಬರೀ ಹೂಂಗಳನ್ನು ಹೇಳಿದೆ: ಬೆರಗಿನ ಹೂಂ, ಸಂಕಟದ ಹೂಂ, ಉಲ್ಲಾಸದ ಹೂಂ. ಝೆರಾಕ್ಸ್ ಮಾಡಿಸಲು ಬಂದವರು ಕೆಲಸ ಮರೆತು ನನ್ನನ್ನೇ ನೋಡುತ್ತ ನಿಂತರು. ಸಲೀಮಾ ಒಂದೊಂದನ್ನೇ ಕಥೆಯ ನಡುನಡುವೆ ಅಂಟಿಸಿದಳು.

ಮತ್ತೆ ಕೇಳಿದೆವು. ಮುದ್ದಿನ ಕುರಿಮರಿ ಸಾಯುವ ಕಡೆ ನನ್ನ ಉಲ್ಲಾಸದ ಹೂಂ ಬಂದು ಕೂತಿತ್ತು. ಬದಲಿಸೋಣವೇ ಎಂದು ಅತ್ತೆಯನ್ನು ಕೇಳಿದೆ.

“ಇರ್ಲಿ ಬಿಡು, ಕಳಿಸು,” ಎಂದರು ಅತ್ತೆ. “ಅವತ್ತ ನಾ ಕಥಿ ಹೇಳುವಾಗ್ಲೂ ಮರಿ ಸತ್ತಲ್ಲಿ ನೀ ಹಿಂಗ ಅಂದಿದ್ದಿ.”