ಗುರುವಾರದ ಕಾಗದ

ಹೆಡ್‌ಮಾಸ್ತರರಿಗೆ ಬಂದಿದ್ದ ರಿಜಿಸ್ಟರ್ ಕಾಗದಕ್ಕೆ ರುಜು ಹಾಕಿಸಿಕೊಳ್ಳಲೆಂದು ಸೊರಬದ ಹೈಸ್ಕೂಲಿಗೆ ಹೋದ ಟಪಾಲು ತೋಟಪ್ಪ, ಅಲ್ಲಿಂದ ಹೊರಗೆ ಬರುವಾಗ ಎರಡು ಸಾವುಗಳ ಅಪರಾಧಿಯಾಗಿದ್ದ.

ಅಂದು ಸೋಮವಾರ ಸಂಜೆ ಅಲ್ಲಿ ಚರ್ಚಾಕೂಟ. ಮೇಲಿನ ತರಗತಿಯವರು ಓದುತ್ತಿದ್ದ ಯಾವುದೋ ಹಳೆಯ ದುರಂತ ನಾಟಕದಲ್ಲಿ ಪ್ರೇಮಿಗಳಿಬ್ಬರೂ ಸತ್ತುಹೋಗುತ್ತಾರೆ. ಆ ಸಾವಿಗೆ ಯಾರು ಹೊಣೆ ಎಂಬುದು ವಿಷಯ. ಹೆಡ್‌ಮಾಸ್ತರರು ಮುಂದಿನ ಸಾಲಿನಲ್ಲಿ ಕೂತಿದ್ದರಿಂದ ತೋಟಪ್ಪ ಹಿಂದಿನ ಬೆಂಚಿನ ತುದಿಯಲ್ಲಿ ಕಾಯುತ್ತ ಕೂತ. ಕತೆ ಅವನಿಗೂ ಅರ್ಥವಾಯಿತು. ಎರಡು ಮನೆತನಗಳಿಗೆ ಹಳೆಯ ಹಗೆ. ಒಂದು ಮನೆಯ ಹುಡುಗ, ಇನ್ನೊಂದು ಮನೆಯ ಹುಡುಗಿ ಗುಟ್ಟಾಗಿ ಮದುವೆಯಾಗುತ್ತಾರೆ. ಬೇರೆ ಮದುವೆ ತಪ್ಪಿಸಿಕೊಳ್ಳಲು ಹುಡುಗಿ ಸತ್ತಂತೆ ಮಲಗಿಸುವ ಮದ್ದು ಕುಡಿಯುತ್ತಾಳೆ. ಇದು ಸುಳ್ಳು ಸಾವು ಎಂದು ಮದ್ದು ಕೊಟ್ಟ ಸನ್ಯಾಸಿ ಹುಡುಗನಿಗೆ ಬರೆದ ಕಾಗದ ಮುಟ್ಟುವುದಿಲ್ಲ. ಅವನು ಬಂದು ನೋಡಿ ವಿಷ ಕುಡಿಯುತ್ತಾನೆ; ಅವಳು ಎದ್ದು ನೋಡಿ ಇರಿದುಕೊಳ್ಳುತ್ತಾಳೆ.

ಒಬ್ಬ ಹುಡುಗ ತಂದೆಯರದೇ ತಪ್ಪು ಎಂದ. ಇನ್ನೊಬ್ಬ, ಮದ್ದು ಕೊಟ್ಟ ಸನ್ಯಾಸಿಯದು ಎಂದ. ಮತ್ತೊಬ್ಬ, ಪ್ರೀತಿಸಿದವರಿಗೇ ತಾಳ್ಮೆ ಇರಲಿಲ್ಲ ಎಂದ. ಕೊನೆಗೆ ಅಧ್ಯಕ್ಷರಾಗಿದ್ದ ನಿವೃತ್ತ ಶಿರಸ್ತೇದಾರರು ಕನ್ನಡಕ ಒರೆಸಿ, ಇವರೆಲ್ಲರ ತಪ್ಪನ್ನೂ ಒಂದು ಕಾಗದ ತಿದ್ದಬಹುದಿತ್ತು, ಅದು ಒಂದು ದಿನ ಮೊದಲು ಮುಟ್ಟಿದ್ದರೆ ಇಬ್ಬರೂ ಬದುಕುತ್ತಿದ್ದರು, ಆದ್ದರಿಂದ ಕಾಗದ ಹೊತ್ತವನೇ ಹೊಣೆ ಎಂದು ತೀರ್ಪು ಕೊಟ್ಟರು. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಯಾರೋ ಒಬ್ಬ ಹಿಂದಕ್ಕೆ ತಿರುಗಿ ನೋಡಿದ. ಅವನನ್ನು ನೋಡಿ ಪಕ್ಕದವನು ತಿರುಗಿದ. ಕ್ಷಣದಲ್ಲಿ ಇಡೀ ಸಭೆಯೇ ಕುತ್ತಿಗೆ ತಿರುಗಿಸಿ, ಖಾಕಿ ಅಂಗಿ ತೊಟ್ಟು ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ತೋಟಪ್ಪನನ್ನು ನೋಡಿ ನಗತೊಡಗಿತು.

ತೋಟಪ್ಪನೂ ನಕ್ಕ. ಆದರೆ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಅದಕ್ಕೆ ಕಾರಣವಿತ್ತು. ಹೋದ ವರ್ಷ ಕಾಡಂಚಿನ ಊರುಗಳಲ್ಲಿ ಮಂಗಗಳು ಸತ್ತು ಬೀಳುತ್ತ, ಜನರಿಗೂ ಆ ಜ್ವರ ಹತ್ತಿದಾಗ, ಕೆಲವು ಊರಿನವರು ದಾರಿಗೆ ಮುಳ್ಳು ಎಳೆದು ಹೊರಗಿನವರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಮುಳ್ಳಿನ ಆಚೆ ಹಾಲಮ್ಮ ಎಂಬ ಹೆಂಗಸಿಗೆ ಒಂದು ಕಾಗದವಿತ್ತು. ತೋಟಪ್ಪ ಮೂರು ಸಲ ಹೋಗಿ ಮೂರು ಸಲವೂ ವಾಪಸಾದ. ದಾರಿ ಬಿಟ್ಟಾಗ ಎಂಟು ದಿನ ಕಳೆದಿತ್ತು. ಅಣ್ಣನಿಗೆ ಕಾಯಿಲೆ ಜೋರಾಗಿದೆ, ಕೂಡಲೇ ಹೊರಟು ಬಾ ಎಂದಿದ್ದ ಆ ಕಾಗದವನ್ನು ಹಾಲಮ್ಮನಿಗೆ ಅವನೇ ಓದಿ ಹೇಳಬೇಕಾಯಿತು. ಆಕೆ ಯಾವತ್ತು ಬರೆದದ್ದು ಎಂದು ಕೇಳಿ, ಬೆರಳು ಮಡಚಿ ಲೆಕ್ಕ ಹಾಕಿ, ಒಳಗೆ ಹೋಗಿ, ಅವನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಬೈದಿದ್ದರೆ ಅವನು ಮರೆತುಬಿಡುತ್ತಿದ್ದ.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಬಂದ ಟಪಾಲನ್ನು ವಿಂಗಡಿಸುವಾಗ ಶಿಕಾರಿಪುರದ ಮೊಹರಿದ್ದ ಒಂದು ಲಕೋಟೆ ಅವನ ಕೈಗೆ ಬಂತು. ಗುಡವಿಯ ಪರಮಶಿವನ ಹೆಸರು, ಬರೆದವರ ಹೆಸರಿಲ್ಲ. ಆದರೆ ದುಂಡಗಿನ ಆ ಅಕ್ಷರ ತೋಟಪ್ಪನಿಗೆ ಚೆನ್ನಾಗಿ ಗೊತ್ತು. ಅದು ವರದಮ್ಮನದು. ಗುಡವಿಯಲ್ಲಿ ಪರಮಶಿವನ ಅಪ್ಪ ಪಂಚಾಕ್ಷರಪ್ಪನ ಮನೆಗೂ ವರದಮ್ಮನ ಅಪ್ಪ ಮಹೇಶ್ವರಪ್ಪನ ಮನೆಗೂ ನಡುವೆ ಒಂದೇ ಬೀದಿ. ಆದರೆ ಗದ್ದೆಯ ಬದುವಿನ ತಕರಾರಿನಿಂದ ಹನ್ನೆರಡು ವರ್ಷ ಮಾತಿಲ್ಲ. ಹುಡುಗಿಯ ಕಣ್ಣು ಎದುರುಮನೆಯ ಕಡೆ ಹೊರಳುತ್ತಿದೆ ಎಂಬ ಅನುಮಾನ ಬಂದಾಗ ಮಹೇಶ್ವರಪ್ಪ, ಹೊಲಿಗೆ ಕಲಿಯಲಿ ಎಂದು ಅವಳನ್ನು ಶಿಕಾರಿಪುರದಲ್ಲಿದ್ದ ಅವಳ ಅಕ್ಕನ ಮನೆಗೆ ಕಳಿಸಿದ್ದ. ಅವಳು ಅಲ್ಲಿ ಹೊಲಿಗೆಗಿಂತ ಹೆಚ್ಚು ಕಾಗದ ಬರೆದಳು. ಗುಡವಿಗೆ ಟಪಾಲು ಹೋಗುವುದು ಸೋಮವಾರ, ಗುರುವಾರ ಮಾತ್ರ. ಆ ಎರಡು ದಿನ ಪರಮಶಿವ ಕೆರೆ ಏರಿಯ ಮೇಲೆ ಕಾದಿದ್ದು ಕಾಗದ ಇಸಿದುಕೊಳ್ಳುತ್ತಿದ್ದ. ತೋಟಪ್ಪ ಒಂದು ವರ್ಷದಿಂದ ಯಾರಿಗೂ ಉಸಿರು ಬಿಟ್ಟಿರಲಿಲ್ಲ.

ಎರಡು ಮನೆಯ ಹಗೆ, ಹುಡುಗ, ಹುಡುಗಿ, ಕಾಗದ. ತೋಟಪ್ಪ ಲಕೋಟೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಪೋಸ್ಟ್ ಮಾಸ್ತರ್ ನಾಗರಾಜಪ್ಪನವರು ಅದನ್ನು ಗುರುವಾರದ ಗೂಡಿಗೆ ಹಾಕಲು ಹೇಳಿದರು. ಇವನು ಹಾಕಿದಂತೆ ಮಾಡಿ ಚೀಲಕ್ಕೆ ಸೇರಿಸಿದ. ಊರಿನ ಬಟವಾಡೆಯನ್ನು ಮಧ್ಯಾಹ್ನ ಮುಗಿಸುತ್ತೇನೆಂದು ಹೇಳಿ ಹೊರಟ.

ಬೀದಿ ದಾಟುವುದೇ ಕಷ್ಟವಾಯಿತು. ಹೋಟೆಲಿನ ಬಾಗಿಲಲ್ಲಿ ನಿಂತವರು, ಸನ್ಯಾಸಿಯ ಕಾಗದ ಇನ್ನೂ ಚೀಲದಲ್ಲೇ ಇದೆಯೋ ಎಂದು ವಿಚಾರಿಸಿದರು. ಗಾಳಿ ಹಾಕಿಸಿಕೊಳ್ಳಲು ನಿಂತಾಗ ಸೈಕಲ್ ಷಾಪಿನ ಅಜಮತ್ ಉಲ್ಲಾ ಒಬ್ಬರು ಮಾತ್ರ ನಗಲಿಲ್ಲ.

“ನಂಗೂ ಸುದ್ದಿ ಬಂತು ತೋಟಪ್ಪೋರೆ,” ಎಂದರು. “ಆ ಕಾಗದ ತಗಂಡೋದೋನು ಬೇಕಂತ ತಡ ಮಾಡಿದ್ನಾ?”

“ಇಲ್ಲ ಸಾಬ್ರೆ. ಅವನು ಹೋಗಿದ್ದ ಮನೇಲಿ ಪ್ಲೇಗು ಅಂತ ಹೇಳಿ ಸರ್ಕಾರದೋರು ಒಳಗೆ ಹಾಕಿ ಬೀಗ ಜಡಿದಿದ್ರಂತೆ.”

“ಹಂಗಾರೆ ಬೀಗ ಹಾಕಿದೋರ್ನ ಯಾರೂ ಯಾಕೆ ಕೇಳಲಿಲ್ಲ?” ಪಂಪಿನ ಹಿಡಿ ಎರಡು ಸಲ ಒತ್ತಿ ಅವರೇ ಉತ್ತರ ಹೇಳಿದರು: “ಕೇಳಾದಿಲ್ಲ. ಬೀಗ ಹಾಕಿದೋರಿಗೆ ಸರ್ಕಾರದ ಬಿಲ್ಲೆ ಇರ್ತದೆ.”

ಹತ್ತು ಮೈಲಿ ತುಳಿದು ತೋಟಪ್ಪ ಗುಡವಿ ಮುಟ್ಟುವಷ್ಟರಲ್ಲಿ ಬೆನ್ನಿನ ಖಾಕಿ ಕಪ್ಪಾಗಿತ್ತು. ಕೆರೆ ಏರಿಯ ಮೇಲೆ ಪರಮಶಿವನಿರಲಿಲ್ಲ. ಮಂಗಳವಾರ ಅವನೇಕೆ ಅಲ್ಲಿರುತ್ತಾನೆ? ಊರೊಳಗೆ ಹೋಗದೆ ಗತಿಯಿರಲಿಲ್ಲ. ಸರದಿಯಲ್ಲದ ದಿನ ಟಪಾಲಿನವನು ಊರೊಳಗೆ ಬಂದರೆ ಅದಕ್ಕೆ ಒಂದೇ ಅರ್ಥ ಎಂಬುದನ್ನು ಮಾತ್ರ ಅವನು ಯೋಚಿಸಿರಲಿಲ್ಲ. ಮೊದಲ ಮನೆಯ ದ್ಯಾಮಮ್ಮ ಅಂಗಳ ಗುಡಿಸುತ್ತಿದ್ದವಳು ತಲೆಯೆತ್ತಿ ಇವನನ್ನು ಕಂಡಳು. ಪೊರಕೆ ಕೈಯಿಂದ ಬಿತ್ತು. ದಾವಣಗೆರೆಯಲ್ಲಿದ್ದ ತಮ್ಮನ ಹೆಸರು ಹಿಡಿದು ಅಳಲು ಶುರುಮಾಡಿದಳು. ತಂತಿ ಬಂದಿದೆಯಂತೆ ಎಂದು ಅಕ್ಕಪಕ್ಕದ ಮೂವರು ಹೆಂಗಸರು ಓಡಿಬಂದು, ಸತ್ತವರು ಯಾರೆಂದು ಆಮೇಲೆ ಕೇಳಿದರಾಯಿತು ಎಂಬಂತೆ ತಾವೂ ದನಿಗೂಡಿಸಿದರು. ತಂತಿಯಲ್ಲ, ಯಾರೂ ಸತ್ತಿಲ್ಲ ಎಂದು ತೋಟಪ್ಪ ಸೈಕಲ್ ಬೆಲ್ಲು ಬಾರಿಸಿ ಬಾರಿಸಿ ಹೇಳಿದ ಮೇಲೆ ಅಳು ನಿಂತಿತು. ದ್ಯಾಮಮ್ಮನಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು.

“ಮತ್ತೆಂತಕ್ಕೆ ಬಂದ್ರಿ ಮಂಗಳವಾರ?” ಎಂದಳು.

ಅದಕ್ಕೆ ಉತ್ತರ ಕೇಳಿಕೊಂಡೇ ಹೋಗುವುದೆಂದು ಅರ್ಧ ಊರು ಅವನ ಸೈಕಲ್ಲಿನ ಹಿಂದೆ ಬಂತು. ಜಗಲಿಯ ಮೇಲೆ ಕೂತಿದ್ದ ಪಂಚಾಕ್ಷರಪ್ಪ, ಮಗನಿಗೆ ಬಂದ ಕಾಗದವಾದರೆ ತನ್ನ ಕೈಗೆ ಕೊಡಲು ಹೇಳಿದ. ಹೆಸರಿದ್ದವರ ಕೈಗೇ ಕೊಡಬೇಕು ಎಂದ ತೋಟಪ್ಪ. ಅಂಥದ್ದೇನಿದೆ ಅದರಲ್ಲಿ ಎಂದು ಪಂಚಾಕ್ಷರಪ್ಪ ಎದ್ದು ನಿಂತ. ಎದುರು ಜಗಲಿಯ ಮೇಲೆ ಮಹೇಶ್ವರಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. ಪಂಚಾಕ್ಷರಪ್ಪನ ಹೆಂಡತಿ ರಾಜೇಶ್ವರಮ್ಮನೇ ಬಾಗಿಲ ಸಂದಿಯಿಂದ, ಹುಡುಗ ಶಿಕಾರಿಪುರಕ್ಕೆ ಹೋಗುತ್ತೇನೆಂದು ಬಸ್ಸು ನಿಲ್ಲುವ ಮರದ ಹತ್ತಿರ ಹೋಗಿದ್ದಾನೆ, ಈಗ ಹೋದರೆ ಸಿಗಬಹುದು ಎಂದು ಮೆಲ್ಲಗೆ ಹೇಳಿದಳು.

ಸಿಕ್ಕಿದ. ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ ನಿಂತಿದ್ದ. ಕಾಗದ ಕಂಡು ಅವನ ಮುಖ ಅರಳಿತು. ಕೊಟ್ಟ ತೋಟಪ್ಪನಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಶಿರಸ್ತೇದಾರರು ಈಗ ಇಲ್ಲಿರಬೇಕಿತ್ತು ಅಂದುಕೊಂಡ.

ಪರಮಶಿವ ಕಾಗದ ಓದಿದ. ಬಸ್ಸು ಬಂತು, ನಿಂತಿತು, ಹಾರನ್ ಹೊಡೆಯಿತು, ಹೋಯಿತು. ಅವನು ಕಾಗದವನ್ನು ತೋಟಪ್ಪನ ಮುಂದೆ ಹಿಡಿದ. ನಾಲ್ಕೇ ಸಾಲು. ಮನೆಯಲ್ಲಿ ಮಾತೆತ್ತಲು ಕೊಯ್ಲಾಗಲಿ ಎಂದು ಕಾಯುವುದಾದರೆ ಕಾಯಿರಿ, ನನಗೆ ಸಾಕಾಯಿತು. ಅಂಜನಾಪುರದ ಸಂಬಂಧಕ್ಕೆ ಒಪ್ಪಿದ್ದೇನೆ. ಇನ್ನು ಬರೆಯಬೇಡಿ. ಈ ಕಡೆ ಬರಲೂ ಬೇಡಿ.

“ಇವತ್ತು ಹೋಗಿ ಅವಳ ಭಾವನ ಹತ್ರ ಮಾತಾಡಾನ ಅಂತಿದ್ದೆ,” ಎಂದ ಪರಮಶಿವ. ಅಷ್ಟೇ. ಕಾಗದವನ್ನು ಜೇಬಿಗಿಟ್ಟು ಕೆರೆಯ ಕಡೆ ನಡೆದ.

ಗುರುವಾರ ತಂದಿದ್ದರೆ ಈ ಹೊತ್ತಿಗೆ ಹುಡುಗ ಬಸ್ಸಿನಲ್ಲಿರುತ್ತಿದ್ದ ಎಂಬುದು ತೋಟಪ್ಪನಿಗೆ ಆಗ ಹೊಳೆಯಿತು. ಮುಳ್ಳು ಎಳೆದವರಿಲ್ಲ, ಬೀಗ ಹಾಕಿದವರಿಲ್ಲ. ಹತ್ತು ಮೈಲಿ ತಾನೇ ತುಳಿದುಕೊಂಡು ಬಂದು ಕೊಟ್ಟಿದ್ದ. ಸೈಕಲ್ಲನ್ನು ಅಲ್ಲೇ ಕೆಡವಿ ಹಿಂದೆಯೇ ಓಡಿದ. ಮಳೆಗಾಲದ ಕೆರೆ ತುಂಬಿ ನಿಂತಿತ್ತು. ನೀರಿನೊಳಗಿನ ಗಿಡಗಳ ಮೇಲೆಲ್ಲ ಬಿಳಿ ಹಕ್ಕಿಗಳು. ಪರಮಶಿವ ಏರಿ ಇಳಿದು, ನೀರಿನಂಚಿನ ಕಲ್ಲಿನ ಮೇಲೆ ನಿಂತು, ಮೆಲ್ಲಗೆ ಮುಂದಕ್ಕೆ ಬಾಗಿದ. ತೋಟಪ್ಪ ಹಿಂದಿನಿಂದ ಹಾರಿ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ. ಇಬ್ಬರೂ ಕೂಡಿಯೇ ಕೆರೆಗೆ ಬಿದ್ದರು. ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ಆಕಾಶ ತುಂಬಿದವು.

ಪರಮಶಿವನಿಗೆ ಈಜು ಬರುತ್ತಿತ್ತು. ತೋಟಪ್ಪನಿಗೆ ಬರುತ್ತಿರಲಿಲ್ಲ. ಚರ್ಮದ ಚೀಲದ ಪಟ್ಟಿ ಹಿಡಿದು ಹುಡುಗ ಅವನನ್ನು ನೆನೆದ ಮೂಟೆಯ ಹಾಗೆ ದಡಕ್ಕೆಳೆದ.

“ನಿಮಗೆಂತ ಆತು ಮಾರಾಯ್ರೆ?” ಎಂದ ಏದುಸಿರು ಬಿಡುತ್ತ. “ಮುಖ ತೊಳೆಯಾಕೆ ಬಗ್ಗಿದ್ದೆ.”

ಅಷ್ಟರಲ್ಲಿ ದ್ಯಾಮಮ್ಮನನ್ನು ಮುಂದಿಟ್ಟುಕೊಂಡು ಊರು ಬಂತು. ಎರಡೂ ಜಗಲಿಯವರು ಬಂದರು. ಹುಡುಗನ ಜೇಬಿನಿಂದ ಒದ್ದೆ ಕಾಗದವನ್ನು ಪಂಚಾಕ್ಷರಪ್ಪ ಎಳೆದುಕೊಂಡ. ಶಾನುಭೋಗ ರಂಗಪ್ಪನವರು ಅದನ್ನು ಬಿಡಿಸಿ ಗಟ್ಟಿಯಾಗಿ ಓದಿದರು. ಒಂದು ವರ್ಷದ ಗುಟ್ಟು ಎಲ್ಲರ ಬಾಯಿಗೆ ಬಂತು. ಮಹೇಶ್ವರಪ್ಪ, ತನ್ನ ಮಗಳ ತಲೆ ಕೆಡಿಸಿದ್ದು ಇವರ ಹುಡುಗ ಎಂದ. ಪಂಚಾಕ್ಷರಪ್ಪ, ಹುಡುಗನಿಗೆ ಆಸೆ ಹುಟ್ಟಿಸಿ ಕೈಬಿಟ್ಟದ್ದು ಇವರ ಹುಡುಗಿ ಎಂದ. ಒಬ್ಬರು ರಾಜೇಶ್ವರಮ್ಮನ ಸದರವೆಂದರು, ಇನ್ನೊಬ್ಬರು ಅಂಜನಾಪುರದವರ ಅವಸರವೆಂದರು. ತಪ್ಪು ಅಲ್ಲಿದ್ದ ಎಲ್ಲರ ಮನೆಬಾಗಿಲಿಗೂ ಹೋಗಿ ಬಂತು. ಯಾರೂ ಒಳಗೆ ಕರೆಯಲಿಲ್ಲ. ತೋಟಪ್ಪ ಕಿವಿಯ ನೀರು ಬಗ್ಗಿಸಿಕೊಳ್ಳುತ್ತ ಕೂತಿದ್ದ. ಇಷ್ಟು ಜನ ಹಂಚಿಕೊಂಡರೆ ಎಷ್ಟು ದೊಡ್ಡ ತಪ್ಪಾದರೂ ಹಗುರವಾಗುತ್ತದೆ, ಯಾಕೆ ಯಾರೂ ಒಂದು ಹಿಡಿಯನ್ನಾದರೂ ಎತ್ತಿಕೊಳ್ಳುವುದಿಲ್ಲ ಎಂದು ಅವನಿಗೆ ನಿಜವಾಗಿಯೂ ಅಚ್ಚರಿಯಾಗುತ್ತಿತ್ತು.

ಆಗ ಮಧ್ಯಾಹ್ನದ ಬಸ್ಸಿನಿಂದಿಳಿದು ಏರಿಯ ಮೇಲೆ ವರದಮ್ಮ ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಅವಳು ಅಪ್ಪನನ್ನು ನೋಡಿದಳು, ತೊಟ್ಟಿಕ್ಕುತ್ತಿದ್ದ ಪರಮಶಿವನನ್ನು ನೋಡಿದಳು, ರಂಗಪ್ಪನವರ ಕೈಯಲ್ಲಿದ್ದ ತನ್ನ ಕಾಗದವನ್ನು ನೋಡಿದಳು.

“ಇದು ಗುರುವಾರ ಬರಬೇಕಿತ್ತಲ್ಲ,” ಎಂದಳು.

ನಿನ್ನೆ ಸಿಟ್ಟಿನಲ್ಲಿ ಬರೆದು ಡಬ್ಬಿಗೆ ಹಾಕಿಬಿಟ್ಟಿದ್ದಳು. ಹಾಕಿದ ಗಳಿಗೆಗೇ ಬುದ್ಧಿ ಬಂದಿತ್ತು. ಆದರೆ ಗಾಬರಿಯಾಗಲಿಲ್ಲ. ಕಾಗದ ಊರಿಗೆ ಹೋಗುವುದು ಗುರುವಾರ. ಅಷ್ಟರೊಳಗೆ ತಾನೇ ಹೋಗಿ ಅಪ್ಪನ ಮುಂದೆ ನಿಂತು ಎಲ್ಲವನ್ನೂ ಹೇಳಿ, ಗುರುವಾರ ಏರಿಯ ಮೇಲೆ ಕಾದು ಆ ಕಾಗದವನ್ನು ತಾನೇ ಇಸಿದುಕೊಂಡು ಹರಿದುಹಾಕುವುದೆಂದು ಅಕ್ಕನಿಗೂ ಹೇಳದೆ ಹೊರಟು ಬಂದಿದ್ದಳು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಅವಳು ತೋಟಪ್ಪನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

“ಒಂದು ವರ್ಷದಲ್ಲಿ ಒಂದು ದಿನನಾದ್ರೂ ಬೇಗ ತಂದಿದ್ರಾ? ಇವತ್ತೇ ಯಾಕೆ ತಂದ್ರಿ?”

ತೋಟಪ್ಪನ ಬಳಿ ಉತ್ತರವಿತ್ತು. ಅದಕ್ಕೆ ಹಾಲಮ್ಮನಿಂದ ಶುರುಮಾಡಬೇಕಿತ್ತು. ಅಷ್ಟು ಉದ್ದದ ಉತ್ತರ ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಮುಂದಿನದೆಲ್ಲ ಬೇಗಬೇಗ ನಡೆಯಿತು. ಒಂದು ವರ್ಷದಿಂದ ಈ ಕಾಗದಗಳನ್ನು ತಂದುಕೊಡುತ್ತಿದ್ದವರು ಯಾರು ಎಂದು ಮಹೇಶ್ವರಪ್ಪ ಕೇಳಿದ. ಅಪ್ಪನ ಕೈಗೆ ಕೊಡದೆ ಏರಿಯ ಮೇಲೆ ಕದ್ದು ಕೊಟ್ಟವರು ಯಾರು ಎಂದು ಪಂಚಾಕ್ಷರಪ್ಪ ಕೇಳಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ಪ್ರಶ್ನೆ ಕೇಳಿದ್ದರು, ಒಂದೇ ಕಡೆ ನೋಡುತ್ತಿದ್ದರು. ದ್ಯಾಮಮ್ಮ ತನ್ನ ತಮ್ಮನನ್ನು ಸಾಯಿಸಿದ್ದನ್ನು ಸೇರಿಸಿದಳು. ಬೆಳೆದ ಹುಡುಗನನ್ನು ಕೆರೆಗೆ ದೂಡಿದ್ದನ್ನು ಕಣ್ಣಾರೆ ಕಂಡವರು ನಾಲ್ಕು ಮಂದಿ ಸಿಕ್ಕರು.

ಪಂಚಾಕ್ಷರಪ್ಪನ ಜಗಲಿಯ ಮೇಲೆ ಚಾಪೆ ಹಾಸಿದರು. ಮಹೇಶ್ವರಪ್ಪ ಬೀದಿ ದಾಟಿ ಬಂದು ಕೂತ. ರಾಜೇಶ್ವರಮ್ಮ ಎಲೆಯಡಿಕೆ ತಂದಿಟ್ಟಳು. ಸರದಿಯಲ್ಲದ ದಿನ ಗ್ರಾಮ ಪ್ರವೇಶಿಸಿ, ಮುಟ್ಟಬಾರದ ದಿನ ಕಾಗದ ಮುಟ್ಟಿಸಿ, ಎರಡು ಮರ್ಯಾದಸ್ಥ ಕುಟುಂಬಗಳಿಗೆ ಮನಸ್ತಾಪ ಉಂಟುಮಾಡಿದ ಸದರಿ ಪೋಸ್ಟ್‌ಮ್ಯಾನನನ್ನು ಬೇರೆಡೆಗೆ ವರ್ಗ ಮಾಡಬೇಕೆಂದು ರಂಗಪ್ಪನವರು ಮೇಲಧಿಕಾರಿಗಳಿಗೆ ಅರ್ಜಿ ಬರೆದರು. ಇಬ್ಬರೂ ಅದರ ಕೆಳಗೆ ರುಜು ಹಾಕಿದರು. ಮಸಿ ಒಣಗುವವರೆಗೆ ಸುಮ್ಮನೆ ಕೂತಿರಲಾರದೆ ಮಕ್ಕಳ ಮಾತು ತೆಗೆದರು. ಒಣಗುವಷ್ಟರಲ್ಲಿ ಕೊಯ್ಲು ಮುಗಿದ ಮೇಲೆ ಮದುವೆ ಎಂದು ತೀರ್ಮಾನವೂ ಆಯಿತು. ಬದುವಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಬಾಗಿಲ ಹಿಂದೆ ವರದಮ್ಮ ಅಳುತ್ತಲೇ ನಕ್ಕದ್ದು ಬೀದಿಯವರೆಗೂ ಕೇಳಿಸಿತು.

ತೋಟಪ್ಪ ಬೀದಿಯ ಬಿಸಿಲಿನಲ್ಲಿ ನಿಂತು ಅಂಗಿ ಒಣಗಿಸಿಕೊಳ್ಳುತ್ತಿದ್ದ. ಪಂಚಾಕ್ಷರಪ್ಪ ಅರ್ಜಿಯ ಲಕೋಟೆ ಹಿಡಿದು ಕೆಳಗಿಳಿದು ಬಂದು, ಅವನ ನೆನೆದ ಚೀಲದಿಂದಲೇ ಒಂದು ಸ್ಟಾಂಪು ಕೇಳಿ ಅಂಟಿಸಿ, ಲಕೋಟೆಯನ್ನು ಅವನ ಕೈಗೇ ಕೊಟ್ಟ.

“ಯಾವತ್ತು ಮುಟ್ಟುತ್ತೆ?” ಎಂದು ಕೇಳಿದ.

ಲಕೋಟೆಯ ಮೇಲಿನ ವಿಳಾಸವನ್ನು ತೋಟಪ್ಪ ಒಮ್ಮೆ ಓದಿಕೊಂಡ.

“ಇವತ್ತೇ ಸಂಜೆ ಬಸ್ಸಿಗೆ ಹಾಕ್ತೀನಿ,” ಎಂದ. “ನಾಳೆ ಮುಟ್ಟುತ್ತೆ.”

“ಒಳ್ಳೇದಾತು. ಲಗ್ನಪತ್ರಿಕೆ ಬಹಳ ಇರ್ತಾವೆ,” ಎಂದು ಜಗಲಿಯಿಂದ ಮಹೇಶ್ವರಪ್ಪ ಹೇಳಿದ. “ಅಷ್ಟರೊಳಗೆ ಹೊಸಬ್ರು ಬಂದುಬಿಟ್ರೆ ಅನುಕೂಲ.”