ಬಾಯ್ತುಂಬ ಕರೆಯಲೊಂದು ಹೆಸರು

ಮನೆಯಲ್ಲಿ ಹಿರಿಯರು ಹೆಚ್ಚಾದಷ್ಟೂ ಸೊಸೆಯಾದವಳ ಬಾಯಿಯಲ್ಲಿ ಮಾತು ಕಡಿಮೆಯಾಗುತ್ತದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ದಾವಣಗೆರೆಯ ದಲಾಲಿ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದು ಕಲಿತ ವಿದ್ಯೆ ಇದೊಂದೇ. ಗಂಡನ ಹೆಸರು ಹೇಳಬಾರದು, ಮಾವನ ಹೆಸರು ಹೇಳಬಾರದು, ಗಂಡನ ಅಣ್ಣ, ಅಂದರೆ ನಮ್ಮ ಭಾವನವರ ಹೆಸರಂತೂ ಕನಸಿನಲ್ಲೂ ಹೇಳಬಾರದು. ಮೂವರಿಗೂ ಇದ್ದದ್ದು ದೇವರ ಹೆಸರುಗಳೇ. ಹೀಗಾಗಿ ಸೋಮವಾರದ ಭಜನೆಯಲ್ಲಿ ಎಲ್ಲರೂ ಬಾಯ್ತುಂಬ ನಾಮ ಹಾಡುವಾಗ ನಾನು ಮೂರು ಕಡೆ ತುಟಿ ಮುಚ್ಚಿ ‘ಮ್ಮ್ ಮ್ಮ್’ ಎಂದು ರಾಗ ಎಳೆಯಬೇಕು. ನನಗೆ ಬರಬೇಕಾದ ಪುಣ್ಯದಲ್ಲಿ ಮುಕ್ಕಾಲು ಪಾಲು ಅಲ್ಲೇ ಸೋರಿಹೋಯಿತು. ಕೈಲಾಸದ ಬಾಗಿಲಲ್ಲಿ ಯಾರಾದರೂ ಕೇಳಿದರೆ ಮಾವನವರ ಕಡೆ ಬೆರಳು ತೋರಿಸಬೇಕೆಂದಿದ್ದೇನೆ. ಹೆಸರು ಹೇಳುವ ಹಾಗಿಲ್ಲವಲ್ಲ. ಒಮ್ಮೆ ಸಕ್ಕರೆ ಕಾರ್ಡು ಬರೆಯುವ ಗುಮಾಸ್ತ ಬಂದು ಯಜಮಾನರ ಹೆಸರೇನು ಎಂದ. ಶಿವನ ಗುಡಿಯಲ್ಲಿ ಶಿವನ ಎದುರಿಗೆ ಸದಾ ಕುಳಿತಿರುತ್ತಾರಲ್ಲ, ಅವರದೇ ಎಂದೆ. ಆ ಪುಣ್ಯಾತ್ಮ ‘ಪೂಜಾರಪ್ಪ’ ಎಂದು ಬರೆದುಕೊಂಡು ಹೋದ. ಇವರು ಒಂದು ವರ್ಷ ಪೂಜಾರಪ್ಪನ ಸಕ್ಕರೆಯಲ್ಲೇ ಚಹಾ ಕುಡಿದರು. ಸಿಹಿಯೇನೂ ಕಡಿಮೆಯಾಗಲಿಲ್ಲ.

ಇದನ್ನೆಲ್ಲ ನಗುತ್ತ ಹೇಳಬಹುದು. ನಗು ಬಾರದ್ದು ಒಂದಿದೆ. ನನಗೆ ಮಗ ಹುಟ್ಟಿದಾಗ ತೀರಿಹೋಗಿದ್ದ ಮಾವನವರ ಹೆಸರನ್ನೇ ಇಟ್ಟರು. ಹೆತ್ತವಳು ನಾನು, ಹೆಸರು ಹಿಡಿದು ಕರೆಯುವವರು ಓಣಿಯವರು. ಅವನು ನಾಲ್ಕು ವರ್ಷದವನಿದ್ದಾಗ ಹರಿಹರದ ರೈಲು ನಿಲ್ದಾಣದಲ್ಲಿ ಕೈ ಬಿಡಿಸಿಕೊಂಡು ಜನರ ನಡುವೆ ಮಾಯವಾದ. ಗಾಡಿ ಸಿಳ್ಳೆ ಹಾಕುತ್ತಿತ್ತು. ನಾನು ‘ಮರೀ, ಮರೀ’ ಎಂದು ಕೂಗಿದೆ. ಆ ಗದ್ದಲದಲ್ಲಿ ಎಲ್ಲ ತಾಯಂದಿರ ಮಕ್ಕಳೂ ಮರಿಗಳೇ. ಏಳೆಂಟು ಮಕ್ಕಳು ತಿರುಗಿ ನೋಡಿದವು, ನನ್ನದು ನೋಡಲಿಲ್ಲ. ಪೊಲೀಸಿನವನು ಹುಡುಗನ ಹೆಸರು ಕೇಳಿದರೆ ಬಾಯಿ ತೆರೆದೆ, ಹೆಸರು ಹೊರಡಲಿಲ್ಲ. ಆಮೇಲೆ ಇವರು ಟಿಕೆಟ್ ಹಿಡಿದುಕೊಂಡು ಬಂದು ಒಂದೇ ಸಲ ಕೂಗಿದರು. ಶೇಂಗಾ ಬುಟ್ಟಿಯವಳ ಹಿಂದಿನಿಂದ ಎದ್ದು ಬಂದ. ಮಗ ಸಿಕ್ಕ ಸಂತೋಷದಲ್ಲೂ ನನಗೆ ನನ್ನ ನಾಲಿಗೆಯ ಮೇಲೆ ಹೇಸಿಗೆ ಹುಟ್ಟಿತು. ಮುಂದೆ ಮೊಮ್ಮಗ ಅಂತ ಒಬ್ಬ ಬಂದರೆ ಅವನ ಹೆಸರು ನನ್ನ ಬಾಯಲ್ಲಿ ಹೊರಡುವಂಥದ್ದೇ ಆಗಬೇಕೆಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿದೆ.

ಆ ಮೊಮ್ಮಗ ಈಗ ಬಂದಿದ್ದಾನೆ! ಹರಿಹರದಲ್ಲಿ, ಸೊಸೆಯ ತವರಿನಲ್ಲಿ ಹುಟ್ಟಿದ. ಸುದ್ದಿ ಬಂದ ದಿನ ನಾನು ಓಣಿಗೆಲ್ಲ ಪೇಡೆ ಹಂಚಿ, ಆರು ವರ್ಷದಿಂದ ಮಾತು ಬಿಟ್ಟಿದ್ದ ಎದುರು ಮನೆಯವಳ ಬಾಯಿಗೂ ಒಂದು ತುರುಕಿ, ಉಳಿದದ್ದನ್ನು ಎಮ್ಮೆಗೆ ತಿನ್ನಿಸಿದೆ. ಇವರು ಮಾತ್ರ ಗಂಭೀರವಾಗಿ ಕುಳಿತು, ಎರಡು ವರ್ಷದ ಹಿಂದೆ ತೀರಿಹೋದ ಭಾವನವರ ಹೆಸರು ಇಡುವುದೆಂದು ತೀರ್ಮಾನ ಕೊಟ್ಟುಬಿಟ್ಟರು. ತಂದೆಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದ ಅಣ್ಣ. ಅದೆಲ್ಲ ಸರಿ, ಆದರೆ ನನ್ನ ಬಾಯಿಗೆ ಮತ್ತೆ ಬೀಗ. ಬೇರೆ ಹೆಸರಿಗಾಗಿ ಹುಡುಕಿ ನೋಡಿದೆ. ಒಂದು ಚಿಕ್ಕಮಾವನದು, ಒಂದು ಬೀಗರದು, ಒಂದು ದೊಡ್ಡ ನಾದಿನಿಯ ಗಂಡನದು. ನಮ್ಮ ವಂಶದವರು ಒಳ್ಳೆಯ ಹೆಸರು ಒಂದನ್ನೂ ಬಿಡದೆ ಎಲ್ಲದರ ಮೇಲೂ ಕೂತಿದ್ದರು.

ಆಗ ನೆನಪಾದವನು ಲೋರ್ಕನ್. ಮಗ ಕೆಲಸ ಮಾಡುವ ಮಿಲ್ಲಿಗೆ ಹೊಸ ಯಂತ್ರ ಕೂಡಿಸಲು ಬಂದ ಫಿಟ್ಟರು, ಎಂಟು ತಿಂಗಳು ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ. ಇಂಗ್ಲೆಂಡಿನವನಾ ಎಂದರೆ ಮುಖ ಕೆಂಪಗಾಗುತ್ತಿತ್ತು. ಅವನದು ಐರ್ಲೆಂಡ್, ನಮ್ಮ ಹಾಗೇ ಇಂಗ್ಲಿಷರನ್ನು ಓಡಿಸಿದವರು. ಅವನ ತಾಯಿ ಮನೆಯಲ್ಲಿ ಆಡುವುದು ಗೇಲಿಕ್ ಎಂಬ ಬೇರೆಯೇ ಭಾಷೆ, ಹೆಸರೂ ಆ ಭಾಷೆಯದೇ. ಲೋರ್ಕನ್ ಎಂದರೆ ಪುಟ್ಟ ಉಗ್ರ ಎಂದರ್ಥವಂತೆ. ಆ ಉಗ್ರ ಮೆಣಸಿನಕಾಯಿ ಬಜ್ಜಿ ತಿಂದು ಅಳುತ್ತ, ಅಳುತ್ತಲೇ ಇನ್ನೊಂದಕ್ಕೆ ಕೈ ಚಾಚುತ್ತಿದ್ದ. ಅವನನ್ನು ನಾನು ಅಂಗಳದಲ್ಲಿ ನಿಂತು, ‘ಲೋರ್ಕನ್, ರೊಟ್ಟಿ ಬಿಸಿ ಅದಾವ, ಬಾರಪ್ಪ’ ಎಂದು ನಾಲ್ಕು ಮನೆಗೆ ಕೇಳುವಂತೆ ಕರೆಯುತ್ತಿದ್ದೆ. ಮನೆಯಲ್ಲಿರುವ ಗಂಡಸೊಬ್ಬನ ಹೆಸರನ್ನು ಗಂಟಲು ಬಿಚ್ಚಿ ಕೂಗುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ನಲವತ್ತೆಂಟನೇ ವಯಸ್ಸಿನಲ್ಲಿ ತಿಳಿಯಿತು. ರೊಟ್ಟಿ ಮಾಡದ ದಿನವೂ ಕರೆದದ್ದುಂಟು.

ಈ ಹೆಸರನ್ನು ಎತ್ತಿದ್ದೇ ತಡ ಇವರು ಚಹಾದ ಲೋಟ ಕೆಳಗಿಟ್ಟರು.

“ಯಾರಿಗೂ ಇಲ್ಲದ ಹೆಸ್ರು ನಮ್ ಕೂಸಿಗೆ ಯಾಕ?”

“ಯಾರಿಗೂ ಇಲ್ಲ ಅಂತ್ಲೇ ಬೇಕ್ರಿ. ಅವತ್ತು ಟೇಶನ್ನಾಗ ನೀವು ಬರೋದು ಇನ್ನೊಂದೀಟು ತಡ ಆಗಿದ್ರೆ ನನ್ ಮಗ ಹೋಗೇಬಿಡ್ತಿದ್ದ. ಮಗನ್ನಂತೂ ಇವತ್ತಿನ ತನಕ ಕರೀಲಿಲ್ಲ. ಮೊಮ್ಮಗನ್ನಾದ್ರೂ ಕರೀತೀನಿ.”

ಇವರು ಲೋಟವನ್ನು ಮತ್ತೆ ಎತ್ತಿಕೊಂಡು ಉಳಿದ ಚಹಾ ಮುಗಿಸಿದರು. ಕೊನೆಗೆ ಮಠದ ಅಯ್ಯನವರನ್ನು ಕೇಳೋಣ ಎಂದರು. ಅಯ್ಯನವರು ಮನೆಗೆ ಬಂದರು. ಮೊದಲನೇ ಹೋಳಿಗೆಗೆ ಇದು ಶಾಸ್ತ್ರಕ್ಕೆ ಸ್ವಲ್ಪ ತೊಡಕು ಎಂದರು. ನಾನು ತುಪ್ಪ ಬಡಿಸುತ್ತ ಪುಟ್ಟ ಉಗ್ರ ಎಂಬ ಅರ್ಥ ಹೇಳಿದೆ. ಮೂರನೇ ಹೋಳಿಗೆಯ ಹೊತ್ತಿಗೆ ಉಗ್ರ ಎಂದರೆ ಸಾಕ್ಷಾತ್ ವೀರಭದ್ರನೇ, ಯಾವ ಭಾಷೆಯಲ್ಲಿ ಕರೆದರೂ ಓಗೊಡುತ್ತಾನೆ ಎಂದು ಅಪ್ಪಣೆಯಾಯಿತು. ಇವರು ಕೈ ತೊಳೆಯುತ್ತ, “ಆತು, ನಿನ್ನಿಷ್ಟ” ಎಂದರು.

ತೊಟ್ಟಿಲ ಕಾರ್ಯಕ್ಕೆ ಹರಿಹರಕ್ಕೆ ಹೋದೆವು. ಸೋದರತ್ತೆಯಾದ ನನ್ನ ಮಗಳು ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಹೆಸರು ಏನೆಂದು ತಿಳಿದ ಮೇಲೆ ಇನ್ನೊಂದು ಸುತ್ತು, ಸ್ವಲ್ಪ ಜೋರಾಗಿಯೇ, ಗುದ್ದಿದರು. ನಮ್ಮ ಬೀಗತಿ ಕೆನ್ನೆಯ ಮೇಲೆ ಕೈಯಿಟ್ಟು, “ಗುಳಿಗಿ ಹೆಸ್ರು ಇದ್ದಂಗೈತಲ್ಲವ್ವ. ದಿನಕ್ಕೆ ಎಷ್ಟು ಸರ್ತಿ ಕೊಡ್ಬೇಕು?” ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಅವಳ ಅಪ್ಪನ ಹೆಸರು ಇಡೋಣವೇ ಎಂದು ಯಾರೂ ಕೇಳಿರಲಿಲ್ಲ. ನಾನು ಕೂಸನ್ನು ಎತ್ತಿಕೊಂಡು, ಎಲ್ಲರ ಎದುರಿಗೆ ಮೊದಲ ಸಲ ಕರೆಯಲೆಂದು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಇವರು ಪಕ್ಕಕ್ಕೆ ಬಂದು ಕೂಸಿನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು.

“ಹೆಸ್ರು ಏನಾರ ಇರ್ಲಿ, ಬಂದಿರೋನು ನಮ್ಮಣ್ಣನೇ. ಆ ಹುಬ್ಬು ನೋಡ್ರಿ.”

ನೋಡಿದೆ. ಕೂಸು ಹುಬ್ಬು ಗಂಟಿಕ್ಕಿ, ಕೆಳತುಟಿ ಮುಂದೆ ಮಾಡಿ, ಸಾರಿಗೆ ಉಪ್ಪು ಹಾಕಿದವಳು ಯಾರು ಎಂಬಂತೆ ನನ್ನನ್ನೇ ದುರುಗುಟ್ಟುತ್ತಿತ್ತು. ಥೇಟ್ ಭಾವನವರೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ನನ್ನ ಕೈ ತಾನಾಗಿ ಮೇಲೆದ್ದು ಸೆರಗನ್ನು ಹಣೆಯ ತನಕ ಎಳೆಯಿತು. ಲೋ ಎಂಬಷ್ಟು ಬಂದದ್ದು ಅಲ್ಲಿಗೇ ನಿಂತಿತು. ಭಾವನವರಿಗೆ ಲೋ ಅನ್ನುವುದುಂಟೇ ಎಂದು ನಾನೇ ನಾಲಿಗೆ ಕಚ್ಚಿಕೊಂಡೆ.

ಬಾಣಂತನ ಮುಗಿದು ಕೂಸು ದಾವಣಗೆರೆಗೆ ಬಂದಿದೆ. ಬೇಡ ಬೇಡ ಎಂದಿದ್ದ ಇವರು ಈಗ ಅಂಗಡಿಯಲ್ಲಿ ಬಂದವರಿಗೆಲ್ಲ ನಮ್ಮ ಲೋರ್ಕನ್ ಹಾಗೆ, ನಮ್ಮ ಲೋರ್ಕನ್ ಹೀಗೆ ಎನ್ನುತ್ತಾರೆ. ಬೀಗತಿಯೂ ಹರಿಹರದಿಂದ ಬಂದಾಗ ಹೊಸ್ತಿಲಾಚೆಯಿಂದಲೇ ಹೆಸರು ಕೂಗಿಕೊಂಡು ಬರುತ್ತಾಳೆ. ನಾನು ಮಾತ್ರ ‘ಎದ್ರೇನ್ರಿ, ಹಾಲು ಕುಡೀತೀರೇನ್ರಿ’ ಎನ್ನುತ್ತೇನೆ. ಮೂರು ತಿಂಗಳ ಕೂಸಿನ ಎದುರು ತಲೆತುಂಬ ಸೆರಗು ಹೊದ್ದು, ಮುಖ ಪಕ್ಕಕ್ಕೆ ತಿರುಗಿಸಿ, ಬಹುವಚನದಲ್ಲಿ ಒದ್ದೆ ಬಟ್ಟೆ ಬದಲಾಯಿಸುವ ಅಜ್ಜಿ ಇಡೀ ದಾವಣಗೆರೆಯಲ್ಲಿ ನಾನೊಬ್ಬಳೇ ಇರಬೇಕು.