ಖಣಿ ನಿಂತರೂ ಬೆಳೆದ ಗುಡ್ಡ

ಅಮಾವಾಸ್ಯೆ ಬಂತೆಂದರೆ ಊರವರೆಲ್ಲ ಗುಡಿ ಸುತ್ತುತ್ತಿದ್ದರು. ನಮ್ಮ ಸೋದರಮಾವ ಮಾತ್ರ ಕಸದ ಗುಡ್ಡ ಸುತ್ತುತ್ತಿದ್ದ! ಅದಕ್ಕೆಂದೇ ಶಿಗ್ಗಾಂವದಿಂದ ಬಸ್ಸು ಹಿಡಿದು ಬರುತ್ತಿದ್ದ ಎಂದರೆ ನಂಬುತ್ತೀರಾ?

ಎಪ್ಪತ್ತರ ದಶಕದಲ್ಲಿ ಬಂಕಾಪುರದ ಹತ್ತಿರ, ನಮ್ಮ ಹಿತ್ತಲಿನಾಚೆಗೇ ಒಂದು ಕಲ್ಲಿನ ಖಣಿಯಿತ್ತು. ಒಳ್ಳೆಯ ಕಲ್ಲು ಖಡಿಯಾಗಿ ಹೆದ್ದಾರಿಗೆ ಹೋಗುತ್ತಿತ್ತು. ಉಳಿದ ಚಕ್ಕೆ, ಪುಡಿ, ಮಣ್ಣೆಲ್ಲ ನಮ್ಮ ಗೋಡೆಯ ಹಿಂದೆ ಗುಡ್ಡವಾಗುತ್ತಿತ್ತು. ಮಳೆಗಾಲದಲ್ಲಿ ಅದು ಜಾರಿ ನಮ್ಮ ಅಡಿಗೆಮನೆಯ ಮೇಲೆ, ಅಂದರೆ ತನ್ನ ಒಬ್ಬಳೇ ತಂಗಿಯ ಮೇಲೆ ಬೀಳುತ್ತದೆಂಬ ಹೆದರಿಕೆ ಮಾವನಿಗೆ.

ಜೀವಮಾನವೆಲ್ಲ ಮೋಜಣಿ ಖಾತೆಯಲ್ಲಿ ಸರಪಳಿ ಹಿಡಿದು ಹೊಲ ಅಳೆದವನು ಗುಡ್ಡವನ್ನು ಮಾತ್ರ ಹೆಜ್ಜೆಯಿಂದಲೇ ಅಳೆಯುತ್ತಿದ್ದ. ಯಾಕೆಂದು ಕೇಳಿದರೆ, "ಸರಪಳಿ ಬಿಸಲಿಗೆ ಹಿಗ್ಗತೈತಿ. ನನ್ನ ಕಾಲು ಹಿಗ್ಗತಾವೇನು?" ಎನ್ನುತ್ತಿದ್ದ. 

ಖಣಿಯ ಗುತ್ತಿಗೆದಾರ ಒಮ್ಮೆ ಕೈಮುಗಿದ. "ಸಾಹೇಬ್ರ, ನೀವು ಸುತ್ತಿ ಸುತ್ತಿ ನಮ್ಮ ಕಸಕ್ಕ ದೇವರ ಕಳೆ ಬಂತ್ರಿ! ಒಂದು ಕಾಯಿ ಒಡೀಲೇನ್ರಿ?"

ಸುತ್ತಳತೆ ನೂರಾ ಎಂಬತ್ತು ಹೆಜ್ಜೆ ದಾಟಿದ ದಿನ ಮಾವ ಅವ್ವನ ಒಲೆಯನ್ನೇ ಪಡಸಾಲೆಗೆ ಹೊರಿಸಿದ!

"ಅಣ್ಣಾ, ಬೀಗರು ಬಂದ್ರ ಅಡಗಿಮನ್ಯಾಗ ಕುಂದರಸ್ಲೇನು?"

"ಜೀವ ಇದ್ರ ಬೀಗರು, ತಂಗೆವ್ವ."

ಎಂಬತ್ತರ ದಶಕಕ್ಕೆ ಕಲ್ಲು ಮುಗಿದು ಖಣಿ ಬಂದಾಯಿತು. ಆಗ ಸುತ್ತಳತೆ ಇನ್ನೂರು ಹೆಜ್ಜೆ. ಆಮೇಲೆ ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ. ಆದರೂ ಮಾವನ ಲೆಕ್ಕ ಇನ್ನೂರಾ ಹತ್ತಾಯಿತು, ಮೂರು ವರ್ಷಕ್ಕೆ ಇನ್ನೂರಾ ನಲವತ್ತಾಯಿತು!

"ಗುಡ್ಡ ಬಸರಾಗೇತೇನೋ ಅಣ್ಣಾ?" ಅವ್ವ ಬಿದ್ದು ಬಿದ್ದು ನಕ್ಕಳು. ಮಾವ ನಗಲಿಲ್ಲ. ತಾಟಿನ ಮುಂದಿನಿಂದ ಉಣ್ಣದೇ ಎದ್ದ.

ಮುಂದಿನ ಅಮಾವಾಸ್ಯೆಗೆ ನಾನೂ ಜೊತೆಗೆ ಸುತ್ತಿದೆ. ನನ್ನ ಲೆಕ್ಕಕ್ಕೆ ನೂರಾ ಅರವತ್ತೇ ಬಂತು. ಗುಡ್ಡದ ಮೇಲಿದ್ದ ನನ್ನ ಕಣ್ಣು ಮಾವನ ಕಾಲಿಗಿಳಿಯಿತು. ನಾನು ಎರಡು ಹೆಜ್ಜೆ ಹಾಕುವಲ್ಲಿ ಅವನು ಮೂರು ಹಾಕುತ್ತಿದ್ದ.

"ಎಷ್ಟ ಬಂತೋ ತಮ್ಮಾ?"

"ನೂರಾ ಅರವತ್ತು ಮಾವಾ. ಗುಡ್ಡ ಕರಗೇತಿ."

ಮಾವ ಅಲ್ಲೇ ಕಲ್ಲಿನ ಮೇಲೆ ಕುಳಿತು ಉಸಿರು ಬಿಟ್ಟ. "ತಂಗೆವ್ವಾ, ಒಲಿ ಒಳಗ ಇಡು!" ಎಂದು ಕೂಗಿದ. ಅಂದು ಎರಡು ರೊಟ್ಟಿ ಹೆಚ್ಚು ಉಂಡ.

ಅಂದಿನಿಂದ ಮಾವ ಬಂದಾಗಲೆಲ್ಲ ತಲೆಬಾಗಿಲಿನಿಂದ ಅವ್ವನ ಒಲೆಯವರೆಗೆ ಅವನ ಹೆಜ್ಜೆಗಳನ್ನು ನಾನು ಎಣಿಸತೊಡಗಿದೆ. ಮೊದಲ ಅಮಾವಾಸ್ಯೆಗೆ ಹದಿನಾಲ್ಕಿದ್ದವು. ವರ್ಷ ತುಂಬುವಷ್ಟರಲ್ಲಿ ಹದಿನೇಳು.